ದವಾಖಾನೆಯಿಂದ ನರ್ಸಿಂಗ್ ಶಾಲೆಗೆ: ಬೀದರ್ ಸೀಮೆಯಲ್ಲಿ ಶರೀರವಿದ್ಯೆಯ ಕಲಿಕೆ

ಬೀದರಿನ ವಿದ್ಯಾ ಇತಿಹಾಸ ಬರೆಯುವವರು ಮಹಮೂದ್ ಗವಾನನ ಮದರಸಾದ ಎದುರು ನಿಂತುಬಿಡುತ್ತಾರೆ. 1472ರ ಆ ಕಟ್ಟಡದ ಬಣ್ಣದ ಹೆಂಚಿನ ಮಿನಾರು ಊರ ನಡುವೆ ಇನ್ನೂ ನಿಂತಿರುವುದರಿಂದ ಅದು ಸಹಜವೇ. ಅಲ್ಲಿ ವೈದ್ಯವನ್ನೂ ಕಲಿಸುತ್ತಿದ್ದರೆಂದು ಹೇಳುವ ವಾಡಿಕೆಯೂ ಇದೆ. ಆದರೆ ಮನುಷ್ಯದೇಹದ ಅರಿವು ಈ ಸೀಮೆಯಲ್ಲಿ ಹೇಗೆ ಬೆಳೆಯಿತೆಂದು ಕೇಳುವವರು ಮದರಸಾಕ್ಕಿಂತ ಒಂದು ತಲೆಮಾರು ಹಿಂದಕ್ಕೆ, ಅದೇ ಊರಿನ ಇನ್ನೊಂದು ಸಂಸ್ಥೆಯತ್ತ ನೋಡಬೇಕು.

1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೇ ಅಲ್ಲಾವುದ್ದೀನ್ ಅಹಮದ್ ಬೀದರಿನಲ್ಲಿ ದೊಡ್ಡದೊಂದು ದವಾಖಾನೆ ಕಟ್ಟಿಸಿದ. ರೋಗಿಗಳ ಔಷಧ ಮತ್ತು ಅನ್ನಪಾನದ ಖರ್ಚಿಗೆ ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟ. ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ. ಇದನ್ನು ಹೇಳುವವನು ಇತಿಹಾಸಕಾರ ಫಿರಿಶ್ತಾ. ವಿಜಾಪುರದ ಆಸ್ಥಾನದಲ್ಲಿದ್ದು, ಭಾರತೀಯ ವೈದ್ಯವನ್ನು ಕುರಿತು ತಾನೇ ಪಾರ್ಸಿಯಲ್ಲಿ ಗ್ರಂಥ ಬರೆದವನಾದ್ದರಿಂದ ಈ ವಿಷಯದಲ್ಲಿ ಅವನ ಮಾತಿಗೆ ತೂಕ ಹೆಚ್ಚು. ನನ್ನ ವಾದವೂ ಇಲ್ಲಿಂದಲೇ ಹೊರಡುತ್ತದೆ: ಬೀದರ್ ಸೀಮೆಯಲ್ಲಿ ಶರೀರವಿದ್ಯೆಯ ಚರಿತ್ರೆಯನ್ನು ರೋಗಿಯ ಹಾಸಿಗೆಯ ಬದಿಯಿಂದ ಬರೆಯಬೇಕು, ಹಾಗೆ ಬರೆದಾಗ ಇಂದಿನ ನರ್ಸಿಂಗ್ ವಿದ್ಯಾರ್ಥಿನಿಗೆ ಅದರಲ್ಲಿ ನೇರ ಪಾಲು ಸಿಗುತ್ತದೆ.

ಒಂದೇ ದವಾಖಾನೆಯ ಆ ಇಬ್ಬರು ವೈದ್ಯರು ಓದಿಕೊಂಡು ಬಂದ ದೇಹ ಒಂದೇ ಆಗಿರಲಿಲ್ಲ. ಆಯುರ್ವೇದ ಪರಂಪರೆಯಲ್ಲಿ ಚರಕನ ಲೆಕ್ಕಕ್ಕೆ ಮೂಳೆಗಳು 360, ಸುಶ್ರುತನ ಶಲ್ಯತಂತ್ರದ ಲೆಕ್ಕಕ್ಕೆ 300. ಇಂದು ವಯಸ್ಕರಲ್ಲಿ 206 ಎಂದು ಎಣಿಸುತ್ತೇವೆ. ಹಲ್ಲು, ಉಗುರು, ಮೃದ್ವಸ್ಥಿಗಳೂ ಹಳಬರ ಎಣಿಕೆಯಲ್ಲಿ ಸೇರಿದ್ದರಿಂದ ಈ ಅಂತರ ಬಂತು. ಸುಶ್ರುತ ಸಂಹಿತೆಯ ಶಾರೀರಸ್ಥಾನ ಹೆಣ ಪರೀಕ್ಷಿಸುವ ಕ್ರಮವನ್ನೇ ಹೇಳುತ್ತದೆ. ಶವವನ್ನು ಹುಲ್ಲುನಾರಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಮರೆಯಾದ ಜಾಗದಲ್ಲಿ ಹರಿಯುವ ನೀರಿನಲ್ಲಿ ಕೊಳೆಯಲು ಬಿಡಬೇಕು. ಏಳು ರಾತ್ರಿ ಕಳೆದ ಮೇಲೆ ಹೊರತೆಗೆದು, ಲಾವಂಚದ ಬೇರು, ಕೂದಲು ಇಲ್ಲವೆ ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಒಳಕ್ಕೆ ಪದರ ಪದರವಾಗಿ ಕಣ್ಣಾರೆ ಕಾಣಬೇಕು. ಕತ್ತಿಯ ಮಾತೇ ಇಲ್ಲದ ಈ ವಿಧಾನದಲ್ಲಿರುವ ತಾಳ್ಮೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಹಕೀಮರ ಆಧಾರ ಇಬ್ನ್ ಸೀನಾನ ‘ಕಾನೂನ್’, ಅದರ ಹಿಂದೆ ಗ್ರೀಕರ ಗೇಲನ್. ಪಿತ್ತಜನಕಾಂಗದಲ್ಲಿ ರಕ್ತ ಹುಟ್ಟಿ, ಹೃದಯದ ನಡುಗೋಡೆಯ ಕಾಣದ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಸಾಗುತ್ತದೆ ಎಂಬುದು ಗೇಲನ್ನನ ಮತ. ಕೈರೋದ ಇಬ್ನ್ ಅಲ್-ನಫೀಸ್ 13ನೇ ಶತಮಾನದಲ್ಲೇ ಇದನ್ನು ಅಲ್ಲಗಳೆದು, ರಕ್ತ ಶ್ವಾಸಕೋಶದ ಮೂಲಕವೇ ಸಾಗಬೇಕೆಂದಿದ್ದ. ಹಾರ್ವಿ ಪೂರ್ಣ ಪರಿಚಲನೆಯನ್ನು ಪ್ರಕಟಿಸಿದ್ದು 1628ರಲ್ಲಿ. ಗ್ರಂಥಗಳು ಹೀಗೆ ಬೇರೆಬೇರೆಯಾದರೂ ಹಕೀಮ, ವೈದ್ಯ ಇಬ್ಬರೂ ರೋಗಿಯ ಮುಂಗೈ ಹಿಡಿದು ನಾಡಿ ನೋಡುವವರೇ. ಹೆಬ್ಬೆರಳ ಬುಡದ ಕೆಳಗೆ ಮೂಳೆಯ ಮೇಲೆಯೇ ಹಾಯುವ ಧಮನಿ ಅದು. ನರ್ಸಿಂಗ್ ವಿದ್ಯಾರ್ಥಿನಿ ಮೊದಲು ಬೆರಳಿಟ್ಟು, ಗಡಿಯಾರ ನೋಡಿ ನಿಮಿಷದ ಬಡಿತ ಎಣಿಸುವುದೂ ಅಲ್ಲೇ.

ಬಹಮನಿಗಳಿಗಿಂತ ಮೊದಲೂ ಈ ಮಣ್ಣಿನಲ್ಲಿ ವೈದ್ಯದ ಮಾತು ಕನ್ನಡದಲ್ಲಿ ನಡೆದಿತ್ತು. ಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮ 12ನೇ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ ಬರೆದ. ಶರಣರಲ್ಲಿ ವೈದ್ಯ ಸಂಗಣ್ಣನಿದ್ದ.

ನಿಜಾಮರ ಕಾಲಕ್ಕೆ ಬಂದರೆ ಕಲಿಕೆಯ ಕೇಂದ್ರ ಹೈದರಾಬಾದಿಗೆ ಸರಿಯುತ್ತದೆ. 1846ರಲ್ಲಿ ಅಲ್ಲಿ ವೈದ್ಯಕೀಯ ಶಾಲೆ ತೆರೆಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನಾ ಮಾಧ್ಯಮ ಮಾಡಿಕೊಂಡು ವೈದ್ಯಕೀಯ ಪಠ್ಯಗಳನ್ನೂ ಉರ್ದುವಿಗೆ ತಂದಿತು. ದೇಶಭಾಷೆಯೊಂದರಲ್ಲಿ ಆಧುನಿಕ ಅಂಗರಚನೆ ಬೋಧಿಸಬಹುದೆಂದು ತೋರಿಸಿದ ಈ ಪ್ರಯೋಗಕ್ಕೆ ಕನ್ನಡದ ವಿದ್ವತ್ತು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ಆದರೆ ಭಾಲ್ಕಿಯ ಕನ್ನಡದ ಹುಡುಗಿಗೆ, ಔರಾದಿನ ಮರಾಠಿ ಮನೆಯ ಹುಡುಗಿಗೆ ಆ ಬಾಗಿಲು ದೂರವೇ ಇತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಸಾಮಾನ್ಯವಾಗಿ ಭಾಷಾಭಿಮಾನದ ಕಥೆಯಾಗಿ ಹೇಳುತ್ತಾರೆ. ಅದು ಆರೋಗ್ಯದ ಇತಿಹಾಸಕ್ಕೂ ಸೇರಿದ್ದು. ಅಕ್ಷರ ಬಲ್ಲ ಹೆಣ್ಣುಮಕ್ಕಳಿಲ್ಲದೆ ಊರಿನದೇ ಆದ ನರ್ಸು, ಸೂಲಗಿತ್ತಿಗೆ ತರಬೇತಿ ಕೊಡುವ ಆರೋಗ್ಯ ಸಹಾಯಕಿ ತಯಾರಾಗುವುದಿಲ್ಲ.

ಬೀದರಿನಲ್ಲಿ ಹೊಸ ಮಾದರಿಯ ಶುಶ್ರೂಷೆಯ ಪರಿಚಯದಲ್ಲಿ ಮೆಥಡಿಸ್ಟ್ ಮಿಷನ್ ಆಸ್ಪತ್ರೆಯ ಪಾಲಿದೆ. 1947ರ ಕಾಯ್ದೆಯಿಂದ ಭಾರತೀಯ ನರ್ಸಿಂಗ್ ಪರಿಷತ್ತು ಹುಟ್ಟಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಊರವರ ಬಾಯಲ್ಲಿ ಬ್ರಿಮ್ಸ್, 2007ರಲ್ಲಿ ಬಂತು. ಪರಿಷತ್ತಿನ 2021ರ ಬಿ.ಎಸ್ಸಿ. ಪಠ್ಯಕ್ರಮ ಮೊದಲ ಸೆಮಿಸ್ಟರಿನಲ್ಲಿ ಅಂಗರಚನೆಗೆ 60, ಶರೀರಕ್ರಿಯೆಗೆ 60 ತಾಸು ಇಟ್ಟು, ಎರಡನ್ನೂ ‘ಅನ್ವಯಿಕ’ ಎಂದು ಕರೆದಿದೆ. ಇದು ಸರಿಯಾದ ಹೆಜ್ಜೆ. ಇದೇ ಪಾಠದ ಪೀಠಿಕೆಯಲ್ಲಿ ವೆಸೇಲಿಯಸ್, ಹಾರ್ವಿಯರ ಪಕ್ಕ ಬೀದರಿನ ದವಾಖಾನೆಗೂ ಒಂದು ಪುಟ ಸಲ್ಲಬೇಕು.

ಅನ್ವಯಿಕ ಎಂದರೇನು ಎಂಬುದು ಸೂಜಿ ಹಿಡಿದಾಗ ತಿಳಿಯುತ್ತದೆ. ಪೃಷ್ಠದಲ್ಲಿ ಚುಚ್ಚುಮದ್ದು ಕೊಡುವಾಗ ಮೇಲಿನ ಹೊರ ಕಾಲುಭಾಗವನ್ನೇ ಆರಿಸಬೇಕು. ಒಳಕ್ಕೆ, ಕೆಳಕ್ಕೆ ಜಾರಿದರೆ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ಪೆಟ್ಟು ಬಿದ್ದು ಪಾದವನ್ನು ಮೇಲೆತ್ತುವ ಶಕ್ತಿಯೇ ಹೋಗಬಹುದು. ಆರು ವಾರದ ಕೂಸಿಗೆ ಪೆಂಟಾವೇಲೆಂಟ್ ಲಸಿಕೆ ಕೊಡುವುದು ಎಡತೊಡೆಯ ನಡುಭಾಗದ ಮುಂದಿನ ಹೊರಮಗ್ಗುಲಿಗೆ. ಆ ವಯಸ್ಸಿಗೆ ತೋಳಿನ ಸ್ನಾಯು ತೆಳ್ಳಗಿರುತ್ತದೆ. ತೊಡೆಯ ಈ ಜಾಗದಲ್ಲಿ ಸ್ನಾಯು ದಪ್ಪ, ದೊಡ್ಡ ನರವಾಗಲಿ ರಕ್ತನಾಳವಾಗಲಿ ಹತ್ತಿರವಿಲ್ಲ. ಔರಾದ್ ತಾಲ್ಲೂಕಿನ ಉಪಕೇಂದ್ರದಲ್ಲಿ ‘ಕೂಸಿನ ತೊಡೀಗೇ ಯಾಕ್ರಿ ಸಿಸ್ಟರ್?’ ಎಂದು ತಾಯಿ ಕೇಳಿದರೆ, ಕನ್ನಡ, ಮರಾಠಿ, ದಖನಿ, ಲಂಬಾಣಿ ಯಾವುದರಲ್ಲಿ ಕೇಳಿದರೂ, ಇಷ್ಟನ್ನು ಅದೇ ನುಡಿಯಲ್ಲಿ ಬಿಡಿಸಿ ಹೇಳುವಂತೆ ಪರೀಕ್ಷೆಯಲ್ಲೇ ಒಂದು ಪ್ರಶ್ನೆ ಇರಬೇಕು.