ಮಣ್ಣಿನ ಜೇಡಿಖನಿಜಗಳು: ಅಧ್ಯಯನದ ಇತಿಹಾಸ

ಮಣ್ಣಿನಲ್ಲಿ 2 ಮೈಕ್ರೋಮೀಟರಿಗಿಂತ ಸಣ್ಣ ಕಣಗಳ ಪೈಕಿ ಹೆಚ್ಚಿನವು ಜೇಡಿಖನಿಜಗಳು: ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ನುಗಳಿಂದಾದ ಪದರ ಸಿಲಿಕೇಟುಗಳು. ಇವುಗಳ ಗುಣ ಮೊದಲು ಗೊತ್ತಾಯಿತು. ಆ ಗುಣಕ್ಕೆ ಕಾರಣವಾದ ರಚನೆ ಗೊತ್ತಾಗಲು ಮತ್ತೆ ಎಂಬತ್ತು ವರ್ಷ ಬೇಕಾಯಿತು.

ಇಂಗ್ಲೆಂಡಿನ ಯಾರ್ಕ್‌ಶೈರಿನ ಕೃಷಿಕ ಎಚ್. ಎಸ್. ಥಾಂಪ್ಸನ್ ಅಮೋನಿಯಂ ಸಲ್ಫೇಟ್ ದ್ರಾವಣವನ್ನು ಮಣ್ಣಿನ ಮೂಲಕ ಬಸಿದಾಗ ಕೆಳಗಿಳಿದದ್ದು ಬಹುಪಾಲು ಕ್ಯಾಲ್ಸಿಯಂ ಸಲ್ಫೇಟ್. ಅಮೋನಿಯವನ್ನು ಮಣ್ಣು ಹಿಡಿದಿಟ್ಟುಕೊಂಡಿತ್ತು. ಇದರ ಜಾಡು ಹಿಡಿದ ರಸಾಯನತಜ್ಞ ಜೆ. ಥಾಮಸ್ ವೇ, ಈ ಕೊಡುಕೊಳ್ಳುವಿಕೆ ನಡೆಸುವುದು ಮರಳಲ್ಲ, ಜೇಡಿ ಎಂದು 1850ರಲ್ಲಿ ಪ್ರಕಟಿಸಿದ. ಹೀಗೆ ಹಿಡಿದದ್ದನ್ನು ಮಣ್ಣು ಮತ್ತೆ ಬಿಡುವುದಿಲ್ಲವೆಂಬ ಅವನ ಎಣಿಕೆ ಮಾತ್ರ ತಪ್ಪು. ಬಿಡದಿದ್ದರೆ ಬೇರಿಗೆ ದಕ್ಕುವುದಾದರೂ ಏನು?

ಜೇಡಿ ಎಂದರೆ ಗೊತ್ತಾದ ಆಕಾರವಿಲ್ಲದ ಕಲಿಲವೆಂಬ ನಂಬಿಕೆ ಮುಂದೆ ಬಹುಕಾಲ ಉಳಿಯಿತು. ಸೂಕ್ಷ್ಮದರ್ಶಕಕ್ಕೆ ಸಿಗದಷ್ಟು ಸಣ್ಣ ಕಣಗಳ ಬಗ್ಗೆ ಬೇರೆ ತೀರ್ಮಾನಕ್ಕೆ ಬರುವುದೂ ಕಷ್ಟವಿತ್ತು. ಎಕ್ಸ್ ಕಿರಣ ಆ ನಂಬಿಕೆಯನ್ನು ಕೆಡವಿತು. 1923ರಲ್ಲಿ ಸ್ವೀಡನ್ನಿನ ಹಾಡಿಂಗ್, 1924ರಲ್ಲಿ ಜರ್ಮನಿಯ ರಿನ್ನೆ ಜೇಡಿಯಲ್ಲಿ ಹರಳಿನ ಕ್ರಮವನ್ನು ಕಂಡರು. 1930ರಲ್ಲಿ ಅಮೆರಿಕದ ಹೆಂಡ್ರಿಕ್ಸ್ ಮತ್ತು ಫ್ರೈ ಹೊಲದ ಮಣ್ಣಿನಲ್ಲೇ ಅದನ್ನು ತೋರಿಸಿದರು. ಅದೇ ವರ್ಷ ಲೈನಸ್ ಪೌಲಿಂಗ್ ಅಭ್ರಕದ ಪದರರಚನೆಯನ್ನು ಬಿಡಿಸಿಟ್ಟ. 1932ರಲ್ಲಿ ಗ್ರೂನರ್ ಕೇಯೊಲಿನೈಟಿನ, 1933ರಲ್ಲಿ ಹಾಫ್‌ಮನ್, ಎಂಡೆಲ್, ವಿಲ್ಮ್ ಮಾಂಟ್‌ಮೊರಿಲೊನೈಟಿನ ರಚನೆಯನ್ನು ವಿವರಿಸಿದರು.

ವೇ ಕಂಡ ಗುಣಕ್ಕೆ ಕಾರಣ ಆಗ ಸಿಕ್ಕಿತು. ಕೇಯೊಲಿನೈಟಿನಲ್ಲಿ ಒಂದು ಸಿಲಿಕಾ ಹಾಳೆಗೆ ಒಂದು ಅಲ್ಯೂಮಿನಾ ಹಾಳೆ ಅಂಟಿರುತ್ತದೆ. ಈ ಜೋಡಿಗಳು ಹೈಡ್ರೊಜನ್ ಬಂಧದಿಂದ ಬಿಗಿದುಕೊಂಡಿರುವುದರಿಂದ ನಡುವೆ ನೀರು ನುಗ್ಗದು. ಮಾಂಟ್‌ಮೊರಿಲೊನೈಟಿನಲ್ಲಿ ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯೂಮಿನಾ ಹಾಳೆ. ಅದರಲ್ಲಿ ಅಲ್ಲಲ್ಲಿ ಅಲ್ಯೂಮಿನಿಯಮ್ಮಿನ ಜಾಗಕ್ಕೆ ಮೆಗ್ನೀಸಿಯಂ ಬಂದು ಕೂತಿರುತ್ತದೆ. ಮೂರು ಧನಾಂಶದ ಎಡೆಯಲ್ಲಿ ಎರಡೇ ಉಳಿದು ಪದರಕ್ಕೆ ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಕ್ಯಾಲ್ಸಿಯಂ, ಪೊಟ್ಯಾಸಿಯಂ, ಅಮೋನಿಯಂ ಅಯಾನುಗಳು ಪದರಗಳ ನಡುವೆ ಸಡಿಲವಾಗಿ ನಿಲ್ಲುತ್ತವೆ, ಜಾಗ ಬದಲಿಸುತ್ತವೆ. ನೀರೂ ಅಲ್ಲೇ ಸೇರಿ ಖನಿಜ ಉಬ್ಬುತ್ತದೆ. ಕಿಲೋ ಕೇಯೊಲಿನೈಟ್ 3ರಿಂದ 15 ಸೆಂಟಿಮೋಲ್ ವಿದ್ಯುದಂಶದಷ್ಟು ಅಯಾನು ಹಿಡಿದರೆ ಮಾಂಟ್‌ಮೊರಿಲೊನೈಟ್ 80ರಿಂದ 120 ಹಿಡಿಯುತ್ತದೆ. 1937ರಲ್ಲಿ ಗ್ರಿಮ್, ಬ್ರೇ, ಬ್ರ್ಯಾಡ್ಲಿ ಹೆಸರಿಸಿದ ಇಲ್ಲೈಟ್ ಇವೆರಡರ ನಡುವಿನದು. ಪೊಟ್ಯಾಸಿಯಂ ಅದರ ಪದರಗಳನ್ನು ಬೀಗ ಹಾಕಿದಂತೆ ಹಿಡಿದಿರುತ್ತದೆ.

ಯಾವ ಖನಿಜ ಹುಟ್ಟುತ್ತದೆಂಬುದನ್ನು ಶಿಲೆಯೊಂದೇ ನಿರ್ಧರಿಸದು, ನೀರಿನ ಪಾತ್ರವೂ ದೊಡ್ಡದು. ಮಳೆನೀರು ಫೆಲ್ಡ್‌ಸ್ಪಾರನ್ನು ಕರಗಿಸಿ ಕ್ಷಾರಗಳನ್ನೂ ಸಿಲಿಕಾದ ಒಂದು ಪಾಲನ್ನೂ ಒಯ್ದಲ್ಲಿ ಕೇಯೊಲಿನೈಟ್ ಉಳಿಯುತ್ತದೆ. ಸಿಲಿಕಾ ಇನ್ನೂ ಹೋದಲ್ಲಿ, ಜಂಬಿಟ್ಟಿಗೆಯ ನೆಲದಂತೆ, ಅಲ್ಯೂಮಿನಿಯಮ್ಮಿನ ಹೈಡ್ರಾಕ್ಸೈಡೂ ಕಬ್ಬಿಣವೂ ಹೆಚ್ಚುತ್ತವೆ. ಬಸಿಯದೆ ನಿಂತಲ್ಲಿ ಮಾಂಟ್‌ಮೊರಿಲೊನೈಟ್ ಬಳಗ. ವಿಜಯಪುರ, ಬಾಗಲಕೋಟೆ ಕಡೆಯ ಬಸಾಲ್ಟಿನ ಎರೆಹೊಲ ಬೇಸಿಗೆಯಲ್ಲಿ ಬಾಯಿಬಿಡುವುದು ಈ ಬಳಗದಿಂದಲೇ. ದಕ್ಷಿಣ ಪ್ರಸ್ಥಭೂಮಿಯಲ್ಲಿ ಒಂದೇ ನೈಸ್ ಶಿಲೆಯ ಮೇಲೆ ದಿಬ್ಬದಲ್ಲಿ ಕೆಂಪು ಮಣ್ಣು, ತಗ್ಗಿನಲ್ಲಿ ಎರೆ ಮಣ್ಣು ಇರುವುದೂ ಉಂಟು.

ಎಲ್ಲ ಜೇಡಿಯೂ ಹರಳೆಂಬ ಹೊಸ ನಂಬಿಕೆಯೂ ಪೂರ್ತಿ ನಿಲ್ಲಲಿಲ್ಲ. 1962ರಲ್ಲಿ ಯೋಶಿನಾಗ ಮತ್ತು ಆಓಮಿನೆ ಜಪಾನಿನ ಜ್ವಾಲಾಮುಖಿ ಬೂದಿಯ ಮಣ್ಣಿನಿಂದ ಇಮೊಗೊಲೈಟನ್ನು ವರ್ಣಿಸಿದರು. ಇದು ಹಾಳೆಯಲ್ಲ, ಸುಮಾರು 2 ನ್ಯಾನೋಮೀಟರ್ ಅಗಲದ ಕೊಳವೆ. ಇದರೊಡನೆ ಸಿಗುವ ಅಲೊಫೇನಿನಲ್ಲಿ ದೀರ್ಘ ಹರಳುಕ್ರಮವೇ ಇಲ್ಲ. ಅಂಥ ಮಣ್ಣು ರಂಜಕವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದರೆ, ಹಾಕಿದ ಗೊಬ್ಬರದಲ್ಲಿ ಬೆಳೆಗೆ ಸಿಗುವುದು ಅಲ್ಪ ಪಾಲು.