ಮನೆಯೊಳಗಿನ ದುಡಿಮೆ: ಹಾವೇರಿ ಸೀಮೆಯ ಕಸುಬುಗಳು ಕಟ್ಟಿಕೊಂಡ ಶಿಸ್ತು

ಮನೆಯಲ್ಲಿಯೇ ಕುಳಿತು ದುಡಿಯುವವರು ಹೊತ್ತನ್ನು ಹೇಗೆ ಹೊಂದಿಸಿಕೊಳ್ಳಬೇಕು, ಒಂದೇ ಸೂರಿನಡಿ ಮನೆವಾರ್ತೆಯನ್ನೂ ಕಸುಬನ್ನೂ ಹೇಗೆ ಬೇರೆಬೇರೆಯಾಗಿ ನಡೆಸಬೇಕು ಎಂಬ ಚರ್ಚೆ 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ನಂತರ, ಮುಖ್ಯವಾಗಿ ಕಂಪ್ಯೂಟರ್ ಉದ್ಯೋಗಿಗಳ ನಡುವೆ, ಹೊಸದಾಗಿ ಹುಟ್ಟಿದ ವಿಷಯವೆಂಬಂತೆ ನಡೆಯಿತು. ಆದರೆ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಸೀಮೆಯ ಕಸುಬುಗಳ ಚರಿತ್ರೆಯನ್ನು ನೋಡಿದರೆ, ಮನೆಯೇ ದುಡಿಮೆಯ ಜಾಗವಾಗಿದ್ದ ಬದುಕು ಇಲ್ಲಿ ತಲೆತಲಾಂತರದಿಂದ ನಡೆದುಬಂದಿತ್ತು ಎಂಬುದೂ, ಆ ಬದುಕು ತನಗೆ ಬೇಕಾದ ಕಟ್ಟುಪಾಡುಗಳನ್ನು ತಾನೇ ರೂಪಿಸಿಕೊಂಡಿತ್ತು ಎಂಬುದೂ ಸ್ಪಷ್ಟವಾಗುತ್ತದೆ. ಆ ಕಟ್ಟುಪಾಡು ಒಬ್ಬೊಬ್ಬರ ಮನೋಬಲದಿಂದ ಬಂದದ್ದಲ್ಲ. ಕೆಲಸಕ್ಕೆಂದೇ ಮೀಸಲಾದ ಜಾಗ, ಎಣಿಸಬಹುದಾದ ಅಳತೆ, ಮಾಲು ಒಪ್ಪಿಸುವ ಗೊತ್ತಾದ ದಿನ ಮತ್ತು ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಕಾಯುವ ಏರ್ಪಾಡು, ಇವುಗಳಿಂದ ಅದು ಬಂತು.

ಇಂದಿನ ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ಅದಕ್ಕೂ ಹಿಂದೆ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ, ಈ ಪ್ರದೇಶ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಪ್ಪುಮಣ್ಣಿನ ಹತ್ತಿಯ ಹೊಲಗಳು, ತುಂಗಭದ್ರೆಯ ದಂಡೆ, ಪಶ್ಚಿಮಕ್ಕೆ ಮಲೆನಾಡಿನ ಅಂಚು, ಇವೆಲ್ಲ ಹತ್ತಿರದಲ್ಲಿಯೇ ಇದ್ದುದರಿಂದ ಹತ್ತಿ, ಉಣ್ಣೆ, ಏಲಕ್ಕಿ, ಮೆಣಸಿನಕಾಯಿ ಎಂಬ ನಾಲ್ಕು ಸರಕುಗಳು ಇಲ್ಲಿನ ಪೇಟೆಗಳಿಗೆ ಬಂದು, ಮಾರಾಟವಾಗುವ ಮೊದಲು ಮನೆಗಳ ಪಡಸಾಲೆಗಳನ್ನು ಹಾದುಹೋಗುತ್ತಿದ್ದವು.

ಇವುಗಳಲ್ಲಿ ಹೆಚ್ಚು ವಿವರವಾಗಿ ನೋಡಬೇಕಾದದ್ದು ನೇಯ್ಗೆ. ರಾಣೆಬೆನ್ನೂರು ಹತ್ತಿ ಮತ್ತು ರೇಷ್ಮೆಯ ಬಟ್ಟೆಗಳಿಗೆ ಬ್ರಿಟಿಷ್ ಕಾಲದಲ್ಲಿಯೇ ಹೆಸರಾದ ಊರು. ಅದೇ ತಾಲ್ಲೂಕಿನ ತುಮ್ಮಿನಕಟ್ಟಿ ಈಗಲೂ ನೇಕಾರರ ಊರೆಂದೇ ಗುರುತಿಸಲ್ಪಡುತ್ತದೆ. ಇಂಥ ಊರುಗಳ ಹಳೆಯ ನೇಕಾರ ಮನೆಯಲ್ಲಿ ಇರುತ್ತಿದ್ದುದು ಕುಣಿಮಗ್ಗ, ಅಂದರೆ ನೆಲದಲ್ಲಿ ತೋಡಿದ ಗುಂಡಿಯೊಳಗೆ ನೇಕಾರನು ಕಾಲು ಇಳಿಬಿಟ್ಟು ಕುಳಿತು, ತಳದಲ್ಲಿರುವ ಹಲಗೆಗಳನ್ನು ತುಳಿಯುತ್ತ, ನೆಲಮಟ್ಟಕ್ಕೆ ಸಮನಾಗಿ ಬಿಗಿದ ಎಳೆಗಳ ನಡುವೆ ಲಾಳಿಯನ್ನು ಓಡಿಸುವ ಮಗ್ಗ. ಈ ಗುಂಡಿಯನ್ನು ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಬದಲಿಸಲು ಬರುವುದಿಲ್ಲ. ಮನೆ ಕಟ್ಟುವಾಗಲೇ ಬೆಳಕು ಬೀಳುವ ಗೋಡೆಯ ಬದಿಯನ್ನು ನೋಡಿ ಅದರ ಜಾಗವನ್ನು ಗೊತ್ತುಮಾಡಬೇಕಾಗಿತ್ತು. ಗುಂಡಿಯ ತೇವವು ನೂಲನ್ನು ಒಣಗಿ ತುಂಡಾಗದಂತೆ ಕಾಯುತ್ತಿದ್ದುದು ಒಂದು ಲಾಭವಾದರೆ, ಆ ಜಾಗದಲ್ಲಿ ಉಣ್ಣಲು, ಮಲಗಲು, ಬಂದವರನ್ನು ಕೂರಿಸಲು ಸಾಧ್ಯವಿಲ್ಲದೆ ಹೋದದ್ದು ಎರಡನೆಯ, ಅಷ್ಟೇ ದೊಡ್ಡ ಲಾಭ. ಮಗ್ಗದ ಗುಂಡಿಗೆ ಇಳಿದವನು ಕೆಲಸಕ್ಕೆ ಇಳಿದಂತೆಯೇ ಎಂಬುದು ಮನೆಯ ಮಕ್ಕಳಿಗೂ ತಿಳಿದಿರುತ್ತಿತ್ತು, ನೆರೆಯವರಿಗೂ ತಿಳಿದಿರುತ್ತಿತ್ತು.

ನೇಕಾರನ ದಿನ ಮಗ್ಗದಿಂದ ಆರಂಭವಾಗುತ್ತಿರಲಿಲ್ಲ. ಬಟ್ಟೆಯ ಉದ್ದಕ್ಕೆ ಹಾಯುವ ಎಳೆಗಳ ಸಾಲಿಗೆ ಹಾಸು ಎಂದೂ, ಅಡ್ಡಕ್ಕೆ ಲಾಳಿಯ ಮೂಲಕ ಹಾಯುವ ಎಳೆಗೆ ಹೊಕ್ಕು ಎಂದೂ ಹೆಸರು. ಹಾಸನ್ನು ಬೀದಿಯುದ್ದಕ್ಕೆ ಹಿಗ್ಗಿಸಿ, ಗಂಜಿ ಬಳಿದು, ಕುಂಚದಿಂದ ತಿಕ್ಕಿ ಒಣಗಿಸುವ ಕೆಲಸಕ್ಕೆ ಎಳೆಬಿಸಿಲೇ ಬೇಕಾಗಿದ್ದುದರಿಂದ, ಸೂರ್ಯ ಮೇಲೇರುವುದರೊಳಗೆ ಅದನ್ನು ಮುಗಿಸಬೇಕಾಗಿತ್ತು. ತಡವಾಗಿ ಎದ್ದ ಮನೆಯ ಹಾಸು ಬಿರುಸಾಗಿ, ಮಗ್ಗದ ಮೇಲೆ ಎಳೆ ತುಂಡಾಗಿ, ಇಡೀ ದಿನ ಗಂಟು ಹಾಕುವುದರಲ್ಲಿಯೇ ಕಳೆದುಹೋಗುತ್ತಿತ್ತು. ಈ ಕೆಲಸ ಒಬ್ಬರಿಂದ ಆಗುವಂಥದ್ದೂ ಅಲ್ಲ. ಅಕ್ಕಪಕ್ಕದ ಮನೆಯವರು ಒಬ್ಬರ ಹಾಸಿನ ಕೆಲಸಕ್ಕೆ ಇನ್ನೊಬ್ಬರು ಕೈಗೂಡಿಸುತ್ತಿದ್ದರು, ಹೀಗಾಗಿ ಬೆಳಗಿನ ಹೊತ್ತು ಬೀದಿಯ ಹೊತ್ತಾಗಿಯೂ, ಬಿಸಿಲೇರಿದ ಮೇಲಿನ ಹೊತ್ತು ಒಳಮನೆಯ ಮಗ್ಗದ ಹೊತ್ತಾಗಿಯೂ ತಾನಾಗಿಯೇ ಬೇರ್ಪಟ್ಟಿತು. ಸಂಜೆಯ ಬೆಳಕು ಕುಂದಿದಂತೆ ನುಣುಪಾದ ನೇಯ್ಗೆ ನಿಲ್ಲುತ್ತಿತ್ತು, ಏಕೆಂದರೆ ಎಣ್ಣೆ ದೀಪದ ಬೆಳಕಿನಲ್ಲಿ ತುಂಡಾದ ಎಳೆಯನ್ನು ಹುಡುಕುವುದು ಕಷ್ಟ. ಉತ್ತರ ಕರ್ನಾಟಕದ ಅನೇಕ ನೇಕಾರ ಊರುಗಳಲ್ಲಿ ಅಮಾವಾಸ್ಯೆಯಂದು ಮಗ್ಗ ಮುಟ್ಟದಿರುವ ರೂಢಿಯೂ ಇತ್ತು. ಮಗ್ಗವನ್ನು ದೇವರೆಂದು ಕಾಣುವ ಭಾವನೆ ಅದರ ಹಿಂದೆ ಇದ್ದರೂ, ಕೆಲಸದ ಜಾಗವೂ ವಾಸದ ಜಾಗವೂ ಒಂದೇ ಆಗಿದ್ದವರಿಗೆ ತಿಂಗಳಿಗೊಂದು ದಿನದ ಬಿಡುವನ್ನು ಊರೇ ಗೊತ್ತುಮಾಡಿಕೊಟ್ಟದ್ದು ಬಹಳ ವಿವೇಕದ ಏರ್ಪಾಡು ಎನ್ನಬೇಕು.

ಮಗ್ಗದ ಮುಂದೆ ಕುಳಿತವನು ಸಾಮಾನ್ಯವಾಗಿ ಗಂಡಸಾದ್ದರಿಂದ ಕಸುಬಿನ ಹೆಸರು ಅವನಿಗೆ ಬಂತು; ಆದರೆ ಮಗ್ಗದ ವೇಗವನ್ನು ನಿರ್ಧರಿಸುತ್ತಿದ್ದವರು ಹೆಂಗಸರು. ಹೊಕ್ಕಿನ ನೂಲನ್ನು ರಾಟೆಯ ಮೇಲೆ ಸಣ್ಣ ಕೊಳವೆಗೆ ಸುತ್ತಿ ಲಾಳಿಯೊಳಗೆ ಇಡುವ ನೂಲುಂಡೆಗೆ ಕಂಡಿಕೆ ಎನ್ನುತ್ತಾರೆ. ಕಂಡಿಕೆ ತೀರಿದರೆ ಮಗ್ಗ ನಿಲ್ಲುತ್ತದೆ. ಅಡುಗೆ, ನೀರು, ಕೂಸಿನ ಆರೈಕೆಗಳ ನಡುವೆ ಕಂಡಿಕೆ ಸುತ್ತುತ್ತಿದ್ದ ಹೆಂಗಸು ಎಷ್ಟನ್ನು ಮುಂಗಡವಾಗಿ ತುಂಬಿಟ್ಟಿರುತ್ತಾಳೋ ಅಷ್ಟು ಹೊತ್ತು ಮಾತ್ರ ನೇಕಾರನ ಕೈ ಓಡುತ್ತಿತ್ತು. ಮನೆಯ ದುಡಿಮೆಯ ಶಿಸ್ತನ್ನು ವ್ಯಕ್ತಿಯೊಬ್ಬನ ಗುಣವೆಂದು ವಿವರಿಸುವವರು ಈ ಅಂಶವನ್ನು ಮರೆಯುತ್ತಾರೆ. ಕುರುಬರ ಕಂಬಳಿಯ ವಿಷಯದಲ್ಲಿಯೂ ಇದೇ ಮಾತು ನಿಜ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಹೆಸರಾಗಿರುವ ಈ ಕಸುಬಿನಲ್ಲಿ, ಕುರಿಯ ಉಣ್ಣೆಯನ್ನು ಬಿಡಿಸಿ ನೂಲುವುದು ಹೆಚ್ಚಾಗಿ ಹೆಂಗಸರ ಪಾಲಿಗಿದ್ದು, ನೂತ ಎಳೆಗೆ ಹುಣಸೆ ಬೀಜದ ಗಂಜಿ ಕೊಟ್ಟು ಬಿಸಿಲಿಗೆ ಒಣಗಿಸಿದ ಮೇಲಷ್ಟೇ ನೇಯುವವನ ಸರದಿ ಬರುತ್ತಿತ್ತು. ಮಳೆಗಾಲದಲ್ಲಿ ಆ ಗಂಜಿ ಒಣಗದಿರುವುದರಿಂದ ಕಂಬಳಿಯ ವರ್ಷವೇ ಬೇರೆ ಲೆಕ್ಕದಲ್ಲಿ ನಡೆಯುತ್ತಿತ್ತು.

ಈ ಮನೆಗಳ ದುಡಿಮೆಯನ್ನು ಅಳೆಯುತ್ತಿದ್ದುದು ಗಂಟೆಯಲ್ಲ, ಮಾಲು. ಸ್ವಂತ ಬಂಡವಾಳವಿದ್ದ ನೇಕಾರ ತಾನೇ ನೂಲು ಕೊಂಡು, ಬಟ್ಟೆಯನ್ನು ವಾರದ ಸಂತೆಗೆ ಒಯ್ಯುತ್ತಿದ್ದ. ಇಲ್ಲದವನು ಸಾಹುಕಾರನಿಂದ ನೂಲು ಪಡೆದು, ನೇಯ್ದ ಬಟ್ಟೆಯನ್ನು ಒಪ್ಪಿಸಿ ಮಜೂರಿ ಪಡೆಯುತ್ತಿದ್ದ. ಸಂತೆಯ ದಿನ ಮುಂದೆ ಹೋಗುವುದಿಲ್ಲವಾದ್ದರಿಂದ ಅದೇ ಗಡುವಾಯಿತು. ಆದರೆ ಎರಡನೆಯ ಏರ್ಪಾಡಿನಲ್ಲಿ ಮುಂಗಡ ಸಾಲವೂ ಸೇರಿಕೊಂಡು, ಶಿಸ್ತು ಎಂಬುದು ಎಷ್ಟೋ ಮನೆಗಳಲ್ಲಿ ಋಣದ ಭಯವಾಗಿತ್ತು ಎಂಬುದನ್ನು ಮುಚ್ಚಿಡಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಿರಣಿಗಳ ನೂಲು ಮತ್ತು ಬಟ್ಟೆ ಈ ಪೇಟೆಗಳನ್ನು ತುಂಬಿ ಕೈನೂಲನ್ನು ಮೂಲೆಗೆ ಸರಿಸಿತು, 1876–78ರ ಭೀಕರ ಕ್ಷಾಮದಲ್ಲಿ ಬಟ್ಟೆ ಕೊಳ್ಳುವವರೇ ಇಲ್ಲವಾದರು, 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರದ ನಡುವೆ ರೈಲು ಬಂದ ಬಳಿಕ ಹೊರಗಿನ ಮಾಲು ಇನ್ನಷ್ಟು ಅಗ್ಗವಾಯಿತು. ಎಷ್ಟು ಬೇಗ ಎದ್ದರೂ, ಎಷ್ಟು ಅಚ್ಚುಕಟ್ಟಾಗಿ ದುಡಿದರೂ ಮನೆಯ ಮಗ್ಗ ತನ್ನಷ್ಟಕ್ಕೆ ತಾನು ಉಳಿಯಲಾರದು ಎಂಬುದನ್ನು ಆ ಕಾಲ ತೋರಿಸಿಕೊಟ್ಟಿತು.

ಹಾವೇರಿಯ ಏಲಕ್ಕಿಯ ಕತೆ ಬೇರೆ ಬಗೆಯದು. ಏಲಕ್ಕಿ ಈ ಊರಿನ ಬೆಳೆಯಲ್ಲ. ಕೆನರಾದ ಕಾಡು ಮತ್ತು ಮಲೆನಾಡಿನ ಕಡೆಯಿಂದ ಬಂದ ಕಾಯಿಯನ್ನು ಇಲ್ಲಿ ತೊಳೆದು ಬಿಳುಪು ಮಾಡಿ ಮಾರುತ್ತಿದ್ದರು. ಊರಿನ ಒಂದು ಸಣ್ಣ ಬಾವಿಯ ನೀರಿಗೆ ಆ ಗುಣವಿದೆಯೆಂಬ ನಂಬಿಕೆಯನ್ನು ಬ್ರಿಟಿಷ್ ಕಾಲದ ಗ್ಯಾಝೆಟಿಯರ್‌ಗಳು ದಾಖಲಿಸಿವೆ. ಅಂಟುವಾಳದ ಕಾಯಿಯನ್ನು ಜಜ್ಜಿ ಕದಡಿದ ನೀರಿನಲ್ಲಿ ಏಲಕ್ಕಿಯನ್ನು ಕೈಯಿಂದ ತಿರುವಿ ತೊಳೆದು, ಚಾಪೆಯ ಮೇಲೆ ಹರಡಿ, ರಾತ್ರಿ ಆಗಾಗ ನೀರು ಚಿಮುಕಿಸಿ, ಬೆಳಗಿನ ಬಿಸಿಲಿಗೆ ಒಡ್ಡಿ, ಒಣಗಿದ ಮೇಲೆ ಒಂದೊಂದೇ ಕಾಯಿಯ ತೊಟ್ಟನ್ನು ಕತ್ತರಿಸಿ ಅಂದಗೊಳಿಸುವ ಈ ಕೆಲಸವನ್ನು ಮಾಡುತ್ತಿದ್ದವರು ಬಹುಪಾಲು ಹೆಂಗಸರು. ಇಲ್ಲಿ ಗಡುವನ್ನು ಹಾಕುತ್ತಿದ್ದುದು ಸರಕೇ: ನೆನೆದ ಕಾಯಿಯನ್ನು ಸಕಾಲಕ್ಕೆ ಬಿಸಿಲಿಗೆ ಹಾಕದಿದ್ದರೆ ಬಣ್ಣ ಕೆಡುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಸಿಪ್ಪೆ ಬಿರಿಯುತ್ತದೆ. ಆ ವ್ಯಾಪಾರದ ಒಡನಾಟದಿಂದಲೇ ಬೆಳೆದ ಏಲಕ್ಕಿ ಹಾರದ ಕಸುಬು ಇಂದಿಗೂ ಹಾವೇರಿಯ ಮನೆಗಳಲ್ಲಿ ಉಳಿದಿದೆ. ರೇಷ್ಮೆಯ ಎಳೆ, ದಾರ, ಹೆಣಿಗೆಗಳಿಗೆ ಸಂಬಂಧಿಸಿದ ಕುಲಕಸುಬಿನ ಪಟವೇಗಾರರು ಕಾಯಿಗಳನ್ನು ಸಾಲುಸಾಲಾಗಿ ಪೋಣಿಸಿ, ಬಣ್ಣದ ಎಳೆ, ಜರಿ, ಮಣಿಗಳಿಂದ ಸಿಂಗರಿಸಿ ಮಾಡುವ ಈ ಹಾರ ರಾಜ್ಯದ ಸಭೆ ಸಮಾರಂಭಗಳಲ್ಲಿ ಗೌರವದ ಗುರುತಾಗಿದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಈ ಹಾರದ ಊರಿನಲ್ಲಿಯೇ.

ಮನೆಯ ದುಡಿಮೆಯನ್ನು ಅಭ್ಯಾಸವಾಗಿ, ಬೇಕೆಂದೇ, ಲಿಖಿತ ಲೆಕ್ಕದೊಂದಿಗೆ ಕಲಿಸುವ ಪ್ರಯತ್ನ ಈ ಸೀಮೆಗೆ ಬಂದದ್ದು ಖಾದಿ ಚಳವಳಿಯ ಮೂಲಕ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಸದಸ್ಯರಾದವರು ತಿಂಗಳಿಗೆ 2,000 ಗಜ ನೂಲನ್ನು ಒಪ್ಪಿಸಬೇಕೆಂಬ ನಿಯಮವನ್ನು ಅಂಗೀಕರಿಸಿತು. ಮರುವರ್ಷ ಸ್ಥಾಪನೆಯಾದ ಅಖಿಲ ಭಾರತ ಚರಕ ಸಂಘ ತನ್ನ ಸದಸ್ಯರಿಗೆ ತಿಂಗಳಿಗೆ 1,000 ಗಜವನ್ನು ಗೊತ್ತುಮಾಡಿತು. ಒಂದು ತಿಂಗಳ ಅಳತೆಯನ್ನು ಕೊನೆಯ ದಿನ ಕುಳಿತು ಪೂರೈಸುವುದು ಸುಲಭವಲ್ಲ, ನಿತ್ಯ ಸ್ವಲ್ಪ ಹೊತ್ತು ಕೊಟ್ಟರೆ ಕಷ್ಟವೂ ಅಲ್ಲ. ನಿಯಮದ ಜಾಣ್ಮೆ ಇರುವುದು ಅಲ್ಲಿಯೇ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಕನ್ನಡಿಗ. ಆ ಯಾತ್ರಿಕರಿಗೆ ದಿನವೆಲ್ಲ ನಡೆದ ಮೇಲೂ ಪ್ರಾರ್ಥನೆ, ನೂಲುವುದು ಮತ್ತು ದಿನಚರಿ ಬರೆಯುವುದು ಎಂಬ ಮೂರು ಕರ್ತವ್ಯಗಳು ತಪ್ಪುತ್ತಿರಲಿಲ್ಲ. ಮಹಾದೇವ ಆ ಪಾಠವನ್ನು ಊರಿಗೆ ತಂದು, ಹಾವೇರಿ ಬಳಿಯ ಕೊರಡೂರಿನ ಸೇವಾಶ್ರಮದಲ್ಲಿ ಖಾದಿ ಮತ್ತು ಗ್ರಾಮಸೇವೆಯ ಕೆಲಸ ನಡೆಸಿದರು. ಪತ್ನಿ ಸಿದ್ದಮ್ಮನವರೂ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಮಹಾದೇವ ಬಲಿಯಾದರು. ಅವರನ್ನು ಹುತಾತ್ಮನೆಂದು ನೆನೆಯುವ ನಾಡು, ಚರಕವನ್ನು ನಿತ್ಯದ ಲೆಕ್ಕಕ್ಕೆ ಒಳಪಡಿಸಿದ ಕಾರ್ಯಕರ್ತನೆಂದೂ ನೆನೆಯುವುದು ನ್ಯಾಯ.

ಸ್ವಾತಂತ್ರ್ಯಾನಂತರ ಸಹಕಾರ ಸಂಘಗಳೂ, 1975ರಲ್ಲಿ ಆರಂಭವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ಸಾಹುಕಾರನ ಜಾಗಕ್ಕೆ ಬಂದವು. ನಿಗಮ ನೂಲು ಕೊಟ್ಟು, ಬಟ್ಟೆ ಪಡೆದು, ಮಜೂರಿ ನೀಡುವ ಕ್ರಮವನ್ನು ಮುಂದುವರಿಸಿತು. ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆಯ ಬೇಡಿಕೆ ಎಷ್ಟೋ ಮಗ್ಗಗಳನ್ನು ನಡೆಸಿತು. ನೂಲು ತಡವಾಗಿ ಬಂದಾಗ ಮಾತ್ರ ಎಂಥ ಅಭ್ಯಾಸವೂ ಉಪಯೋಗಕ್ಕೆ ಬಾರದು.

ಬ್ಯಾಡಗಿಯಲ್ಲಿ ಮನೆಯ ದುಡಿಮೆ ಇನ್ನೂ ಜೀವಂತವಾಗಿರುವುದು ಮೆಣಸಿನಕಾಯಿಯ ಸುತ್ತ. ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ, ಅಂದರೆ ಕಡ್ಡಿ ಮತ್ತು ಡಬ್ಬಿ ಎಂಬ ಅದರ ಎರಡು ಬಗೆಗಳಿಗೆ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಸುಗ್ಗಿಯ ತಿಂಗಳುಗಳಲ್ಲಿ ಸೋಮವಾರ ಮತ್ತು ಗುರುವಾರದ ಮಾರುಕಟ್ಟೆಗೆ ಬಂದ ಕಾಯಿ, ಪುಡಿಯ ಗಿರಣಿಗೂ ಬಣ್ಣ ತೆಗೆಯುವ ಕಾರ್ಖಾನೆಗೂ ಹೋಗುವ ಮೊದಲು, ಅದರ ತೊಟ್ಟನ್ನು, ಅಂದರೆ ಇಲ್ಲಿನವರ ಮಾತಿನ ತುಂಬನ್ನು, ಬಿಡಿಸಬೇಕಾಗುತ್ತದೆ. ಗೋದಾಮುಗಳಲ್ಲಿಯೂ ಮನೆಯ ಕಟ್ಟೆಗಳ ಮೇಲೆಯೂ ನಡೆಯುವ ಈ ಕೆಲಸ ಬಹುಪಾಲು ಹೆಂಗಸರದು. ಕೂಲಿ ಕಿಲೋ ಲೆಕ್ಕದಲ್ಲಿ. ಕಾಯಿ ತಂಪುಹೊತ್ತಿನಲ್ಲಿ ಮೆತ್ತಗಿದ್ದು ಪುಡಿಯಾಗದಿರುವುದರಿಂದ ನಸುಕಿನ ಹೊತ್ತು ಕೆಲಸಕ್ಕೆ ಒಳ್ಳೆಯದು, ನಾಲ್ಕಾರು ಜನ ಕೂಡಿ ಕುಳಿತರೆ ಬೇಸರ ಕಡಿಮೆ, ಖಾರದ ಕೈಯಿಂದ ಕೂಸನ್ನು ಮುಟ್ಟಬಾರದೆಂಬ ಎಚ್ಚರ ಸದಾ ಇರಬೇಕು. ಹೀಗೆ ಹೊತ್ತು, ಒಡನಾಟ, ಎಚ್ಚರ ಈ ಮೂರನ್ನೂ ಕೆಲಸವೇ ಕಲಿಸಿದೆ. ಆದರೆ ಕೈಯುರಿ, ಕೆಮ್ಮು, ಕಣ್ಣುರಿಗಳಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಇಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಯಾಧಾರಿತ ದುಡಿಮೆಯ ಕುರಿತ 177ನೆಯ ಒಡಂಬಡಿಕೆಯನ್ನು 1996ರಲ್ಲಿ ಅಂಗೀಕರಿಸಿ, ಮನೆಯಲ್ಲಿ ಕೂಲಿಗೆ ದುಡಿಯುವವರಿಗೂ ಇತರ ಕಾರ್ಮಿಕರಿಗೆ ಸಮನಾದ ನಡವಳಿಕೆ ದೊರೆಯಬೇಕೆಂದಿತು. ಭಾರತ ಅದನ್ನು ಸ್ಥಿರೀಕರಿಸಿಲ್ಲ. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಮನೆಯಾಧಾರಿತ ಕೆಲಸಗಾರರನ್ನು ಹೆಸರಿಸಿ ವ್ಯಾಖ್ಯಾನಿಸಿತು, ಆದರೆ ಹೆಸರಿಸುವುದರಿಂದ ಮಜೂರಿ ಏರುವುದಿಲ್ಲ. ಮನೆಯಿಂದ ದುಡಿಯುವ ಒಳ್ಳೆಯ ಅಭ್ಯಾಸಗಳನ್ನು ಇಂದು ಹುಡುಕುತ್ತಿರುವ ವಿದ್ಯಾವಂತರು ಹಾವೇರಿ ಸೀಮೆಯ ಮಗ್ಗದ ಗುಂಡಿಯಿಂದಲೂ ಕಂಡಿಕೆಯ ಬುಟ್ಟಿಯಿಂದಲೂ ಕಲಿಯಬೇಕಾದದ್ದು ಸಾಕಷ್ಟಿದೆ. ಅದನ್ನು ಕಲಿಯುವವರು, ತುಂಬು ಬಿಡಿಸುವ ಮತ್ತು ಕಂಡಿಕೆ ಸುತ್ತುವ ಹೆಂಗಸರಿಗೆ ಅವರ ದುಡಿಮೆಗೆ ತಕ್ಕ ದರವೂ ವಿಮೆಯೂ ಸಿಗುವಂತೆ ದನಿಯೆತ್ತಬೇಕು. ಜಿಲ್ಲೆಯ ಚರಿತ್ರೆ ಬರೆಯುವವರು ಆ ಹೆಂಗಸರ ನೆನಪುಗಳನ್ನು ಅವರಿರುವಾಗಲೇ ಬರೆದಿಡಬೇಕು.