ಕಿಡ್ನಿ ಕಸಿ ಆದವರಿಗೆ ಕೆಮ್ಮು, ಜ್ವರ ಬಂದರೆ ಕಷಾಯ ಕುಡಿದು ‘ಇಮ್ಯುನಿಟಿ’ ಹೆಚ್ಚಿಸಿಕೊಳ್ಳಬೇಕೇ?

ಮಳೆಗಾಲ ಶುರುವಾದರೆ ಸಾಕು, ಮಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಷಾಯದ ಸಂದೇಶಗಳು ಓಡಾಡತೊಡಗುತ್ತವೆ. ಅಮೃತಬಳ್ಳಿ, ಅರಿಶಿನ, ಕಾಳುಮೆಣಸು ಹಾಕಿ ಕುದಿಸಿ ಕುಡಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಶ್ವಾಸಕೋಶದ ಸೋಂಕು ಹತ್ತಿರ ಸುಳಿಯುವುದಿಲ್ಲ, ಕಿಡ್ನಿಯೂ ಶುದ್ಧವಾಗುತ್ತದೆ ಎಂಬುದು ಇವುಗಳ ಸಾರಾಂಶ. ಆದರೆ ಅದೇ ಗುಂಪಿನಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡ ಚಿಕ್ಕಪ್ಪನೋ ಅತ್ತಿಗೆಯೋ ಇದ್ದರೆ? ಅವರಿಗೆ ಈ ಸಲಹೆ ಏಕೆ ಅಪಾಯಕಾರಿ ಎಂಬುದನ್ನು ನೋಡೋಣ.

ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಲಾಗಿರುತ್ತದೆ

ತನ್ನದಲ್ಲದ್ದನ್ನು ಹೊರಹಾಕುವುದು ದೇಹದ ರಕ್ಷಣಾ ವ್ಯವಸ್ಥೆಯ ಕೆಲಸ. ಹೆತ್ತ ಅಮ್ಮನೇ ಕೊಟ್ಟ ಕಿಡ್ನಿಯಾದರೂ ಅದಕ್ಕೆ ಪರಕೀಯವೇ. 1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನಡೆದ ಮೊದಲ ಯಶಸ್ವಿ ಕಿಡ್ನಿ ಕಸಿ ತದ್ರೂಪಿ ಅವಳಿಗಳ ನಡುವೆ ಆದದ್ದು. ಅಲ್ಲಿ ದೇಹಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಉಳಿದವರು ಹೊಸ ಕಿಡ್ನಿಯನ್ನು ಉಳಿಸಿಕೊಳ್ಳಲು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಸ್ಟೀರಾಯ್ಡ್‌ನಂಥ ಮಾತ್ರೆಗಳನ್ನು ನುಂಗಬೇಕು. ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ಇವು ಬೇಕು.

ಈ ಮಾತ್ರೆಗಳ ಕೆಲಸವೇ ರೋಗನಿರೋಧಕ ಶಕ್ತಿಯನ್ನು ಹಿಡಿತದಲ್ಲಿಡುವುದು. ಆದ್ದರಿಂದ ‘ಇಮ್ಯುನಿಟಿ ಹೆಚ್ಚಿಸಿ’ ಎಂಬ ಸಲಹೆ ಇವರಿಗೆ ಅನ್ವಯಿಸುವುದಿಲ್ಲ. ಕಷಾಯ ಆ ಶಕ್ತಿಯನ್ನು ನಿಜವಾಗಿ ಕೆರಳಿಸಿದರೆ ಕಿಡ್ನಿಗೆ ಅಪಾಯ. ಕೆರಳಿಸದಿದ್ದರೆ ಚಿಕಿತ್ಸೆಗೆ ಸಿಗಬೇಕಾದ ಸಮಯ ವ್ಯರ್ಥ.

ಸೋಂಕು ಮೊದಲು ಶ್ವಾಸಕೋಶಕ್ಕೇ ಏಕೆ?

ಪ್ರತಿ ಉಸಿರಿನಲ್ಲೂ ಹೊರಗಿನ ಗಾಳಿ ಒಳಬರುವುದು ಅಲ್ಲಿಗೇ. ಕಸಿಯಾದ ಮೊದಲ ತಿಂಗಳಲ್ಲಿ ಹೆಚ್ಚಾಗಿ ಆಸ್ಪತ್ರೆಯ ಬ್ಯಾಕ್ಟೀರಿಯಾಗಳ ಕಾಟ. ಒಂದರಿಂದ ಆರು ತಿಂಗಳವರೆಗೆ ಮಾತ್ರೆಗಳ ಪ್ರಭಾವ ಜೋರಾಗಿರುವುದರಿಂದ ಸೈಟೊಮೆಗಲೊ ವೈರಸ್, ನ್ಯುಮೋಸಿಸ್ಟಿಸ್ ಶಿಲೀಂಧ್ರದಂಥವು ತಲೆಯೆತ್ತುತ್ತವೆ. ಆಮೇಲೆ ಎಲ್ಲರಿಗೂ ಬರುವ ಫ್ಲೂ, ನ್ಯುಮೋನಿಯಾಗಳೇ ಬರುತ್ತವೆ, ಆದರೆ ಹೆಚ್ಚು ತೀವ್ರವಾಗಿ. ನಮ್ಮ ದೇಶದಲ್ಲಿ ಕ್ಷಯ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು.

ಇನ್ನೊಂದು ತೊಡಕೂ ಇದೆ. ರಕ್ಷಣಾ ವ್ಯವಸ್ಥೆ ಮಂಕಾಗಿರುವುದರಿಂದ ಸೋಂಕು ದೊಡ್ಡದಿದ್ದರೂ ಲಕ್ಷಣ ಸಣ್ಣದಾಗಿರಬಹುದು. ಜ್ವರ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಇರಬಹುದು, ಎಕ್ಸ್‌ರೇ ಮೊದಲಿಗೆ ಸರಿಯಾಗಿಯೇ ಕಾಣಬಹುದು. ಹಾಗಾಗಿಯೇ ವೈದ್ಯರು ಬೇಗನೆ ಸಿಟಿ ಸ್ಕ್ಯಾನ್, ಕಫದ ಪರೀಕ್ಷೆ ಮಾಡಿಸುತ್ತಾರೆ.

ಕರಾವಳಿಯ ಮಣ್ಣಿನಲ್ಲಿರುವ ಅಪಾಯ

ಮಂಗಳೂರು, ಉಡುಪಿ ಕಡೆಯವರು ತಿಳಿದಿರಬೇಕಾದ ಒಂದು ಹೆಸರು ಮೆಲಿಯೊಯ್ಡೋಸಿಸ್. ಇದರ ಬ್ಯಾಕ್ಟೀರಿಯಾ ಒದ್ದೆ ಮಣ್ಣು ಮತ್ತು ನಿಂತ ನೀರಿನಲ್ಲಿ ಬದುಕುತ್ತದೆ. ಕಾಲಿನ ಗಾಯದ ಮೂಲಕವೋ, ಉಸಿರಿನ ಮೂಲಕವೋ, ಕುಡಿಯುವ ನೀರಿನಿಂದಲೋ ದೇಹ ಸೇರುತ್ತದೆ. ಮಣಿಪಾಲ ಮತ್ತು ಮಂಗಳೂರಿನ ವೈದ್ಯರು ಹಲವು ವರ್ಷಗಳಿಂದ ಇದರ ಪ್ರಕರಣಗಳನ್ನು ದಾಖಲಿಸುತ್ತ ಬಂದಿದ್ದಾರೆ. ಹೆಚ್ಚಿನವು ಮಳೆಗಾಲದವು. ಸಕ್ಕರೆ ಕಾಯಿಲೆ ಇರುವವರು, ಕಿಡ್ನಿ ತೊಂದರೆ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಇದಕ್ಕೆ ಸುಲಭದ ತುತ್ತು. ಕಿಡ್ನಿ ಕಸಿಯಾದವರಲ್ಲಿ ಎಷ್ಟೋ ಮಂದಿಗೆ ಈ ಮೂರೂ ಇರುತ್ತವೆ.

ಇದು ಹೆಚ್ಚಾಗಿ ನ್ಯುಮೋನಿಯಾ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ಕ್ಷಯದಂತೆಯೇ ತೋರುವುದರಿಂದ ತಪ್ಪು ಚಿಕಿತ್ಸೆ ನಡೆಯುವುದೂ ಉಂಟು. ರಕ್ತ, ಕಫ ಅಥವಾ ಕೀವನ್ನು ಕಲ್ಚರ್ ಮಾಡಿದರೆ ಗೊತ್ತಾಗುತ್ತದೆ. ಚಿಕಿತ್ಸೆ ಎಂದರೆ ಕನಿಷ್ಠ ಎರಡು ವಾರ ಇಂಜೆಕ್ಷನ್, ಬಳಿಕ ಮೂರು ತಿಂಗಳಷ್ಟು ಅಥವಾ ಹೆಚ್ಚು ಕಾಲ ಮಾತ್ರೆ. ಕಷಾಯದಿಂದ ಹೋಗುವ ಕಾಯಿಲೆಯಲ್ಲ.

ಸೋಂಕು ಶ್ವಾಸಕೋಶದಲ್ಲಿ, ಪೆಟ್ಟು ಕಿಡ್ನಿಗೆ

ಇದು ಆಗುವುದು ಹಲವು ದಾರಿಗಳಲ್ಲಿ. ಸೋಂಕು ರಕ್ತಕ್ಕೆ ಹರಡಿ ಬಿಪಿ ಕುಸಿದರೆ ಕಿಡ್ನಿಗೆ ರಕ್ತ ಸಾಲದೆ ಕ್ರಿಯೇಟಿನಿನ್ ಏರುತ್ತದೆ. ಜೀವ ಉಳಿಸಲು ವೈದ್ಯರು ಕಸಿಯ ಮಾತ್ರೆಗಳ ಪ್ರಮಾಣ ಇಳಿಸಬೇಕಾಗಬಹುದು. ಆಗ ದೇಹ ಕಿಡ್ನಿಯನ್ನು ತಿರಸ್ಕರಿಸುವ ಭಯ.

ಔಷಧಗಳ ನಡುವಿನ ಜಗಳ ಇನ್ನೊಂದು ದಾರಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ರಕ್ತದಲ್ಲಿನ ಟ್ಯಾಕ್ರೊಲಿಮಸ್ ಮಟ್ಟವನ್ನು ಕುಸಿಯುವಂತೆ ಮಾಡುತ್ತದೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್, ಫ್ಲೂಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ಅದನ್ನು ಏರಿಸುತ್ತವೆ. ಕಡಿಮೆಯಾದರೆ ತಿರಸ್ಕಾರ, ಹೆಚ್ಚಾದರೆ ಟ್ಯಾಕ್ರೊಲಿಮಸ್ಸೇ ಕಿಡ್ನಿಗೆ ವಿಷ. ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ತಂದ ನಾಲ್ಕು ಮಾತ್ರೆ ಇಷ್ಟೆಲ್ಲ ಮಾಡಬಲ್ಲದು. ಮೈಕೈ ನೋವಿಗೆಂದು ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಕೂಡ ಕಿಡ್ನಿಗೆ ಹಾನಿಕರ.

‘ನೈಸರ್ಗಿಕ’ ಎಂದರೆ ಸುರಕ್ಷಿತವೇ?

ನಮ್ಮ ಹಿತ್ತಲಿನ ಬಿಂಬುಳಿಯನ್ನೇ ನೋಡಿ. ಸಾರು, ಉಪ್ಪಿನಕಾಯಿಗೆ ಹಾಕುವ ಈ ಹುಳಿಕಾಯಿಯಲ್ಲಿ ಆಕ್ಸಲೇಟ್ ವಿಪರೀತ. ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ಪ್ರಕರಣಗಳನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಅದರ ಹತ್ತಿರದ ಬಂಧುವಾದ ದಾರೆಹುಳಿ, ಅಂದರೆ ನಕ್ಷತ್ರ ಹಣ್ಣು, ಕಿಡ್ನಿ ದುರ್ಬಲವಾಗಿರುವವರಿಗೆ ಪ್ರಾಣಾಪಾಯ ತರಬಲ್ಲದು. ಚಕ್ಕೋತ ಹಣ್ಣು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಬಹುದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ಹಾನಿಯಾದುದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕಸಿಯಾದವರು ಇಂಥವನ್ನು ತಮ್ಮ ಮೇಲೆ ಪ್ರಯೋಗಿಸಿ ನೋಡಬಾರದು.

ಹಾಗಾದರೆ ಏನು ಮಾಡಬೇಕು?

• ಜ್ವರ 100.4 ಡಿಗ್ರಿ ಮುಟ್ಟಿದರೆ, ಕೆಮ್ಮು ಬಿಡದಿದ್ದರೆ, ಏದುಸಿರು ಬಂದರೆ, ಮೂತ್ರ ಕಡಿಮೆಯಾದರೆ ಅದೇ ದಿನ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ‘ನಾಳೆ ನೋಡುವ’ ಬೇಡ.
• ಬೇರೆ ವೈದ್ಯರ ಬಳಿ ಹೋದರೆ ‘ನನಗೆ ಕಿಡ್ನಿ ಕಸಿಯಾಗಿದೆ’ ಎಂಬುದನ್ನೇ ಮೊದಲು ಹೇಳಿ, ಮಾತ್ರೆಗಳ ಪಟ್ಟಿ ತೋರಿಸಿ.
• ಜ್ವರ ಬಂತೆಂದು ಕಸಿಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
• ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಜೀವಂತ ವೈರಸ್ ಇರುವ ಲಸಿಕೆಗಳು ಇವರಿಗೆ ಸಾಮಾನ್ಯವಾಗಿ ನಿಷಿದ್ಧ.
• ಮಳೆಗಾಲದಲ್ಲಿ ಗದ್ದೆ, ತೋಟಕ್ಕೆ ಬರಿಗಾಲಿನಲ್ಲಿ ಇಳಿಯಬೇಡಿ. ಗಾಯವನ್ನು ಮುಚ್ಚಿ, ನೀರು ಕುದಿಸಿ ಕುಡಿಯಿರಿ. ಜನಸಂದಣಿಯಲ್ಲಿ ಮಾಸ್ಕ್ ಹಾಕಿ.

ತೀರ್ಮಾನ

ಕಿಡ್ನಿ ಕಸಿಯಾದವರು ಕಷಾಯ ಕುಡಿದು ಇಮ್ಯುನಿಟಿ ಹೆಚ್ಚಿಸಿಕೊಂಡರೆ ಶ್ವಾಸಕೋಶದ ಸೋಂಕು ಬರುವುದಿಲ್ಲ ಎಂಬುದು ತಪ್ಪು ಮಾಹಿತಿ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಮಹಿಳೆಯರು: ಅಮ್ಮ, ಹೆಂಡತಿ, ಅಕ್ಕ. ಅವರು ಕೊಟ್ಟದ್ದು ಒಂದು ಫಾರ್ವರ್ಡ್‌ನಿಂದ ಹಾಳಾಗಬಾರದು. ಕಷಾಯದ ಸಂದೇಶ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಆ ಗುಂಪಿನಲ್ಲಿ ಯಾರಿದ್ದಾರೆಂದು ಒಮ್ಮೆ ನೋಡಿಕೊಳ್ಳಿ ಎಂಬುದು ನಮ್ಮ ವಿನಂತಿ.